ಸೇನೆಯ ಡಿಸೆಬಿಲಿಟಿ ಪೆನ್ಷನ್ ಅರ್ಜಿ ತಿರಸ್ಕಾರ ಆಯ್ತಾ? ಅಪೀಲು ಹಾಕೋದು ಹೀಗೆ

2019ರ ಜುಲೈ. ಸಕಲೇಶಪುರದ ಹತ್ತಿರ ನಮ್ಮೂರಲ್ಲಿ ಮೂರು ದಿನದಿಂದ ಬಿಡದೆ ಮಳೆ, ಕರೆಂಟೂ ಇರಲಿಲ್ಲ. ಸಂಜೆ, ಹಿಂದಿನ ವರ್ಷ ಸೇನೆಯಿಂದ ನಿವೃತ್ತರಾಗಿದ್ದ ಪಕ್ಕದ ಬೀದಿಯ ನಾಯಕ್ ಮತ್ತು ಅವರ ಮನೆಯವರು ಒಂದೇ ಛತ್ರಿಯಲ್ಲಿ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಪತ್ರವೊಂದನ್ನು ಮೇಜಿನ ಮೇಲಿಟ್ಟರು. ನಾಯಕ್ ಮಾತಾಡಲಿಲ್ಲ. ಅವರ ಹೆಂಡತಿಯೇ ಕೇಳಿದರು: "ಅಣ್ಣಾ, ಇಷ್ಟಕ್ಕೇ ಮುಗೀತಾ ಇದು?"

ನಾನು 24 ವರ್ಷ ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು, ಹವಾಲ್ದಾರ್ ಆಗಿ ನಿವೃತ್ತನಾದೆ. ಇಂಥ ಪತ್ರಗಳನ್ನು ಎಷ್ಟೋ ನೋಡಿದ್ದೇನೆ. ಮೇಣದಬತ್ತಿ ಬೆಳಕಲ್ಲಿ ಓದಿದೆ. ಒಂದೇ ಪುಟ. ನಡುವೆ ಒಂದು ಸಾಲು: ನಿಮ್ಮ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ, ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ. ಅಲ್ಲಿಗೇ ನಾಯಕ್ ಓದೋದನ್ನು ನಿಲ್ಲಿಸಿ ಪತ್ರವನ್ನು ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದರು. ಕೊನೆಯ ಪ್ಯಾರಾ ಓದಿಯೇ ಇರಲಿಲ್ಲ. ಆರು ತಿಂಗಳೊಳಗೆ ಅಪೀಲು ಹಾಕಬಹುದು ಅಂತ ಅಲ್ಲೇ ಬರೆದಿತ್ತು. ಪತ್ರ ಬಂದು ಐದು ತಿಂಗಳಾಗಿತ್ತು.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಪತ್ರ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಅದು ಕೊನೆಯ ತೀರ್ಪಲ್ಲ. ಆಮೇಲೆ ಎರಡು ಅಪೀಲು ಇದೆ, ಟ್ರಿಬ್ಯೂನಲ್ ಇದೆ, ಅದರ ಮೇಲೆ ಕೋರ್ಟೂ ಇದೆ.

ಪತ್ರದಲ್ಲಿ ಕಾರಣ ಯಾವುದು ಅಂತ ಹುಡುಕಿ

ಈ ಪೆನ್ಷನ್‌ಗೆ ಮುಖ್ಯವಾಗಿ ಎರಡು ಷರತ್ತು. ಕಾಯಿಲೆ ಅಥವಾ ಗಾಯಕ್ಕೆ ಸೇವೆಯ ಜೊತೆ ಸಂಬಂಧ ಇರಬೇಕು. ಅದರಿಂದಾದ ಅಂಗವೈಕಲ್ಯದ ಪ್ರಮಾಣ ಶೇ. 20 ಅಥವಾ ಜಾಸ್ತಿ ಇರಬೇಕು. ಸಂಬಂಧ ಅಂದರೆ ಎರಡು ಥರ: ಸೇವೆಯಿಂದಲೇ ಬಂದದ್ದು 'ಅಟ್ರಿಬ್ಯೂಟೆಬಲ್', ಸೇವೆಯಿಂದ ಉಲ್ಬಣವಾದದ್ದು 'ಅಗ್ರವೇಟೆಡ್'. ಎರಡರಲ್ಲಿ ಒಂದಿದ್ದರೆ ಸಾಕು. ಎರಡೂ ಇಲ್ಲ ಅಂತ ಬರೆದರೆ ಅದನ್ನು ಆಫೀಸಿನಲ್ಲಿ ಚಿಕ್ಕದಾಗಿ 'ನಾನಾ' ಅಂತಾರೆ. ನಾನು ನೋಡಿದ ತಿರಸ್ಕಾರಗಳಲ್ಲಿ ಹೆಚ್ಚಿನವು ಇದೇ. ಉಳಿದವು ಶೇ. 20ಕ್ಕಿಂತ ಕಡಿಮೆ ಅಂತ ಹೇಳುವಂಥವು.

ಕಾರಣದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಿಮ್ಮ ಅಪೀಲು ಆ ಸಾಲಿಗೆ ಉತ್ತರ ಕೊಡಬೇಕು. ಪತ್ರ ಕೈಗೆ ಬಂದ ದಿನ ಬರೆದಿಡಿ, ಅಂಚೆ ಮುದ್ರೆ ಇರುವ ಲಕೋಟೆ ಎಸೆಯಬೇಡಿ.

ಕಾಗದ ಒಟ್ಟು ಮಾಡೋದು

ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿ ಆದೇಶ), ತಿರಸ್ಕಾರದ ಪತ್ರ ಇವು ಮನೆಯಲ್ಲೇ ಇರುತ್ತವೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಮೆಡಿಕಲ್ ಕೆಟಗರಿ ಬದಲಾದಾಗಿನ ಕಾಗದ, ಹಳೇ ಮೂವ್‌ಮೆಂಟ್ ಆರ್ಡರ್ ಏನಿದ್ದರೂ ತೆಗೆದಿಡಿ. ಗಾಯದ ಕೇಸಾದರೆ ಇಂಜುರಿ ರಿಪೋರ್ಟ್ ಮತ್ತು ಸೇನೆಯೊಳಗಿನ ವಿಚಾರಣೆಯಾದ ಕೋರ್ಟ್ ಆಫ್ ಇನ್‌ಕ್ವೈರಿಯ ಪ್ರತಿ ಬೇಕೇ ಬೇಕು.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಮೆಡಿಕಲ್ ಬೋರ್ಡಿನ ನಡಾವಳಿ. ಅವಧಿ ಮುಗಿಸಿ ಬಂದವರಿಗೆ ಅದು ರಿಲೀಸ್ ಮೆಡಿಕಲ್ ಬೋರ್ಡ್. ಕಾಯಿಲೆಯ ಕಾರಣಕ್ಕೇ ಮನೆಗೆ ಕಳಿಸಿದ್ದರೆ ಇನ್‌ವ್ಯಾಲಿಡಿಂಗ್ ಬೋರ್ಡ್. ಎಎಫ್‌ಎಂಎಸ್‌ಎಫ್-16 ಅನ್ನುವ ಫಾರಂನಲ್ಲಿ ಇರುತ್ತದೆ. ಇದು ಕೈಯಲ್ಲಿಲ್ಲದೆ ಅಪೀಲು ಬರೆಯಬೇಡಿ. ಅದರ ಜೊತೆಗೆ ಇನ್ನೆರಡು: ಭರ್ತಿಯಾದಾಗಿನ ಮೆಡಿಕಲ್ ಪರೀಕ್ಷೆಯ ಪ್ರತಿ, ಮತ್ತು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಲ್ಲಿದ್ದಿರಿ ಅನ್ನುವ ಪೋಸ್ಟಿಂಗ್ ವಿವರ.

ಇವನ್ನು ಸೈನಿಕರ ದಾಖಲೆ ಇಡುವ ನಿಮ್ಮ ರೆಕಾರ್ಡ್ ಆಫೀಸಿನಿಂದ ತರಿಸಬೇಕು. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅವರಿಗೆ ಅದು ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿಯಲ್ಲಿ. ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಡಿಸ್ಚಾರ್ಜ್ ತಾರೀಖು ಬರೆದು ಬೇಕಾದ ಕಾಗದಗಳನ್ನು ಒಂದೊಂದಾಗಿ ಹೆಸರಿಸಿ ಕೇಳಿ. 'ನನ್ನ ಎಲ್ಲಾ ದಾಖಲೆ ಕೊಡಿ' ಅಂತ ಸುಮ್ನೆ ಬರೆದರೆ ಪತ್ರ ಮೇಜಿಂದ ಮೇಜಿಗೆ ಸುತ್ತುತ್ತದೆ. ಉತ್ತರ ಬರದಿದ್ದರೆ ಆರ್‌ಟಿಐ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟರೆ ಆಯಿತು, 30 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನಿದೆ.

ನಾಯಕ್ ಹತ್ತಿರ ಇದ್ದದ್ದು ಒಂದೇ ತಿಂಗಳು. ಕಾಗದ ಬರುವವರೆಗೆ ಕಾದರೆ ಗಡುವು ದಾಟುತ್ತಿತ್ತು. ಅದಕ್ಕೆ ಮೊದಲು ಒಂದು ಪುಟದ ಅಪೀಲು ಕಳಿಸಿ, 'ಮೆಡಿಕಲ್ ಬೋರ್ಡಿನ ಪ್ರತಿ ಕೇಳಿದ್ದೇನೆ, ಬಂದ ಮೇಲೆ ವಿವರವಾದ ಆಧಾರ ಸಲ್ಲಿಸುತ್ತೇನೆ' ಅಂತ ಸೇರಿಸಿದೆವು. ನಿಮಗೂ ಸಮಯ ಕಡಿಮೆ ಇದ್ದರೆ ಹಾಗೇ ಮಾಡಿ.

ಮೆಡಿಕಲ್ ಬೋರ್ಡ್ ಕಾಗದ ಓದೋದು

ಆಗಸ್ಟ್ ಕೊನೆಗೆ ನಾಯಕ್ ಅವರ ಫಾರಂ ಬಂತು. ಜೆರಾಕ್ಸ್ ಮಸುಕಾಗಿತ್ತು. ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ಒಂದೊಂದೇ ಕಾಲಂ ಓದಿದೆವು. ಕಾಯಿಲೆ: ಪ್ರೈಮರಿ ಹೈಪರ್‌ಟೆನ್ಷನ್, ಅಂದರೆ ಬಿಪಿ. ಪ್ರಮಾಣ: ಶೇ. 30, ಜೀವನಪರ್ಯಂತ. ಕಾಯಿಲೆ ಶುರುವಾದದ್ದು: 2014, ಸಿಕಂದರಾಬಾದ್. ಸೇವೆಗೆ ಸೇರುವ ಮೊದಲೇ ಇತ್ತಾ? 'ಇಲ್ಲ.' ಸ್ವಂತ ನಿರ್ಲಕ್ಷ್ಯದಿಂದ ಬಂತಾ? 'ಇಲ್ಲ.' ಸೇವೆಯಿಂದ ಬಂತಾ? 'ಇಲ್ಲ.' ಸೇವೆಯಿಂದ ಉಲ್ಬಣವಾಯ್ತಾ? 'ಇಲ್ಲ.' ಕಾರಣ ಬರೆಯುವ ಜಾಗದಲ್ಲಿ ನಾಲ್ಕೇ ಪದ: ಪೀಸ್ ಸ್ಟೇಷನ್‌ನಲ್ಲಿ ಶುರುವಾದ ಕಾಯಿಲೆ.

ಪೀಸ್ ಸ್ಟೇಷನ್ ಅಂದರೆ ಗಡಿ, ಕಾರ್ಯಾಚರಣೆ ಇಲ್ಲದ ಶಾಂತ ಜಾಗದ ಪೋಸ್ಟಿಂಗ್. ಆ ನಾಲ್ಕು ಪದದ ಮೇಲೆ ನಿಂತಿತ್ತು ಇಡೀ ತಿರಸ್ಕಾರ.

ಈಗ ಪೋಸ್ಟಿಂಗ್ ಪಟ್ಟಿ ಪಕ್ಕದಲ್ಲಿಟ್ಟೆವು. 1996ರಲ್ಲಿ ಭರ್ತಿ, ಆಗ ಅತ್ಯುತ್ತಮ ಆರೋಗ್ಯದ ಶೇಪ್-1. ನಡುವೆ ಲೇಹ್. 2011ರಿಂದ 2013ರ ಕೊನೆಯವರೆಗೆ ಕಾಶ್ಮೀರದ ಗಡಿಯ ಕುಪ್ವಾರಾ. ಸಿಕಂದರಾಬಾದಿಗೆ ಬಂದು ಕೆಲವೇ ತಿಂಗಳಿಗೆ ಬಿಪಿ ಪತ್ತೆ. ಬಿಪಿ ಒಂದು ದಿನದಲ್ಲಿ ಬರುವ ಕಾಯಿಲೆಯಲ್ಲ, ಅಲ್ವಾ? ಕುಪ್ವಾರಾದಲ್ಲಿ ರಾತ್ರಿ ಗಸ್ತಿನಲ್ಲಿದ್ದವನ ಬಿಪಿಯನ್ನು ವಾರವಾರ ಯಾರು ನೋಡುತ್ತಾರೆ? ಪೀಸ್‌ಗೆ ಬಂದ ಮೇಲೆ ವರ್ಷದ ಮೆಡಿಕಲ್‌ನಲ್ಲಿ ಸಿಕ್ಕಿಬೀಳುತ್ತದೆ. ಪತ್ತೆಯಾದ ಜಾಗವನ್ನೇ ಹುಟ್ಟಿದ ಜಾಗ ಅಂತ ಬರೆದುಬಿಟ್ಟಿದ್ದರು.

ನೀವೂ ಹೀಗೇ ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿ. ಸೇರುವಾಗ ಕಾಯಿಲೆ ಇರಲಿಲ್ಲ ಅಂತ ಬೋರ್ಡೇ ಒಪ್ಪಿದೆಯಾ? ಸಂಬಂಧ ಇಲ್ಲ ಅನ್ನೋದಕ್ಕೆ ನಿಜವಾದ ವೈದ್ಯಕೀಯ ಕಾರಣ ಕೊಟ್ಟಿದೆಯಾ, ಅಥವಾ ಪೀಸ್ ಸ್ಟೇಷನ್, ವಂಶಪಾರಂಪರ್ಯ, ಜೀವನಶೈಲಿ ಅಂತ ಒಂದು ಮುದ್ರೆ ಒತ್ತಿದೆಯಾ? ಬೋರ್ಡಿನ ಮೂವರ ಅಭಿಪ್ರಾಯವೂ ಒಂದೇನಾ?

ಸಾಬೀತು ಮಾಡುವ ಭಾರ ಯಾರದ್ದು

'ನಾನು ಹೇಗೆ ಸಾಬೀತು ಮಾಡಲಿ?' ಅಂತ ಎಲ್ಲರೂ ಹೆದರುತ್ತಾರೆ. ಇಲ್ಲಿ ಕಾನೂನು ಸೈನಿಕನ ಪರ ಇದೆ. ಈ ಮಾತನ್ನು ಊರೂರಿಗೂ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ.

ಧರಂವೀರ್ ಸಿಂಗ್ ಅನ್ನುವ ಸಿಪಾಯಿ 1985ರಲ್ಲಿ ಸಿಗ್ನಲ್ಸ್‌ಗೆ ಸೇರಿದವರು. ಸುಮಾರು ಒಂಬತ್ತು ವರ್ಷ ಸೇವೆ ಮಾಡಿದ ಮೇಲೆ ಮೂರ್ಛೆರೋಗ ಅಂತ ಮನೆಗೆ ಕಳಿಸಿದರು. ಪೆನ್ಷನ್ ಇಲ್ಲ ಅಂದರು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2013ರ ಜುಲೈನಲ್ಲಿ ತೀರ್ಪು ಬಂತು. ಭರ್ತಿಯಾಗುವಾಗ ಕಾಯಿಲೆ ದಾಖಲಾಗಿಲ್ಲದಿದ್ದರೆ, ಆಗ ಅವನು ಆರೋಗ್ಯವಾಗಿದ್ದ ಅಂತಲೇ ಭಾವಿಸಬೇಕು. ಆಮೇಲೆ ಕಾಯಿಲೆ ಬಂದರೆ ಅದು ಸೇವೆಯಿಂದ ಅಂತ ಭಾವಿಸಬೇಕು. ಅಲ್ಲ ಅನ್ನುವವರು ಕಾರಣ ಬರೆದು ತೋರಿಸಬೇಕು. ಸಂಶಯ ಇದ್ದರೆ ಅದರ ಲಾಭ ಸೈನಿಕನಿಗೆ. 2015ರ ಫೆಬ್ರವರಿಯಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಪೀಸ್ ಸ್ಟೇಷನ್ ಅಂದ ಮಾತ್ರಕ್ಕೆ ಪೆನ್ಷನ್ ನಿರಾಕರಿಸಲಾಗದು ಅಂತ 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಕೂಡ ಹೇಳಿದೆ.

ಒಂದು ಎಚ್ಚರಿಕೆ. 2008ರ ನಿಯಮದ ಪ್ರಕಾರ ನಿವೃತ್ತಿಯಾಗಿ 15 ವರ್ಷ ದಾಟಿದ ಮೇಲೆ ಮೊದಲ ಸಲ ಕ್ಲೇಮ್ ಹಾಕಿದರೆ ಸಾಬೀತಿನ ಭಾರ ನಿಮ್ಮ ಮೇಲೆ ಬೀಳುತ್ತದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳೂ ಬಂದಿವೆ. ಪೂರ್ತಿ ಸೇವೆ ಮುಗಿಸಿ ಬರುವವರಿಗೆ ಸಿಗುವುದರ ಹೆಸರೇ 'ಇಂಪೇರ್‌ಮೆಂಟ್ ರಿಲೀಫ್' ಅಂತ ಬದಲಾಗಿದೆ. ಆ ದಿನದ ನಂತರ ಬಂದವರು ಹಳಬರ ಅಪೀಲನ್ನು ನಕಲು ಮಾಡಬೇಡಿ, ಹೊಸ ನಿಯಮ ಇಟ್ಟುಕೊಂಡೇ ಬರೆಸಿ.

ಅಪೀಲು ಬರೆಯೋದು

ನಾಯಕ್ ತಾವೇ ಬರೆದು ತಂದಿದ್ದ ಕರಡು ನಾಲ್ಕು ಪುಟ ಇತ್ತು. ಚಳಿ, ನಿದ್ದೆಗೇಡು, ತಂದೆ ತೀರಿಕೊಂಡಾಗ ಮನೆಗೆ ಬರಲಾಗದ್ದು ಎಲ್ಲ ಇತ್ತು. ಓದಿ ನನ್ನ ಗಂಟಲು ಕಟ್ಟಿತು. ಆದರೆ ಅಪೀಲು ನೋಡುವ ಸಮಿತಿಗೆ ಬೇಕಾದ ಒಂದು ತಾರೀಖೂ ಅದರಲ್ಲಿರಲಿಲ್ಲ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷ್ ಅಥವಾ ಹಿಂದಿಗೆ ಮಾಡಿಸಿ. ಎರಡು ಪುಟ ಸಾಕು. ನಾವು ಬರೆದದ್ದರ ಸಾರ ಹೀಗಿತ್ತು:

"ನಾನು 1996ರಲ್ಲಿ ಶೇಪ್-1 ಆಗಿ ಭರ್ತಿಯಾದೆ. ಆಗ ನನಗೆ ಯಾವ ಕಾಯಿಲೆಯೂ ದಾಖಲಾಗಿಲ್ಲ (ಲಗತ್ತು 1). ಸೇವೆಗೆ ಮೊದಲು ಈ ಕಾಯಿಲೆ ಇರಲಿಲ್ಲ ಎಂದು ಮೆಡಿಕಲ್ ಬೋರ್ಡೇ ಬರೆದಿದೆ (ಲಗತ್ತು 2). ಕಾಯಿಲೆ ಪತ್ತೆಯಾಗುವ ಕೆಲವೇ ತಿಂಗಳ ಹಿಂದಿನವರೆಗೂ ನಾನು ಕುಪ್ವಾರಾದಲ್ಲಿ ಫೀಲ್ಡ್ ಸೇವೆಯಲ್ಲಿದ್ದೆ (ಲಗತ್ತು 3). ಸೇವೆಗೆ ಸಂಬಂಧ ಇಲ್ಲ ಎನ್ನಲು ಬೋರ್ಡ್ ಯಾವ ವೈದ್ಯಕೀಯ ಕಾರಣವನ್ನೂ ಕೊಟ್ಟಿಲ್ಲ. ಧರಂವೀರ್ ಸಿಂಗ್ ತೀರ್ಪಿನಂತೆ ನನ್ನ ಕಾಯಿಲೆಯನ್ನು ಸೇವೆಯಿಂದ ಉಲ್ಬಣವಾದದ್ದೆಂದು ಒಪ್ಪಿ, ಡಿಸ್ಚಾರ್ಜ್ ಆದ ಮರುದಿನದಿಂದ ಡಿಸೆಬಿಲಿಟಿ ಎಲಿಮೆಂಟ್ (ಪೆನ್ಷನ್‌ನಲ್ಲಿ ಅಂಗವೈಕಲ್ಯಕ್ಕೆ ಸಿಗುವ ಭಾಗ) ಅನ್ನು ಶೇ. 50ಕ್ಕೆ ಏರಿಸಿ ಮಂಜೂರು ಮಾಡಬೇಕು."

ಒಂದು ಮಾತು, ಪಕ್ಕದಲ್ಲೇ ಅದರ ಕಾಗದ. ಹೀಗೇ ಬರೆಯಿರಿ.

ಕಾಯಿಲೆಗೆ ತಕ್ಕಂತೆ ವಾದ ಬದಲಾಗುತ್ತದೆ. ಸೇನೆಯ ವೈದ್ಯಾಧಿಕಾರಿಗಳಿಗೆ ಒಂದು ಮಾರ್ಗದರ್ಶಿ ಇದೆ. 2008ರ ಆವೃತ್ತಿಯ 43ನೇ ಪ್ಯಾರಾ ಬಿಪಿಯದ್ದು, ಫೀಲ್ಡ್ ಮತ್ತು ಎತ್ತರದ ಪ್ರದೇಶದ ಸೇವೆಯನ್ನು ಅಲ್ಲಿ ಪರಿಗಣಿಸುತ್ತಾರೆ. 47ನೇ ಪ್ಯಾರಾ ಹೃದಯದ ಕಾಯಿಲೆಯದ್ದು. ಅಲ್ಲಿ ಕಾಯಿಲೆ ಕಾಣಿಸಿಕೊಳ್ಳುವ ಹಿಂದಿನ 14 ದಿನ ಏನು ಕೆಲಸದಲ್ಲಿದ್ದಿರಿ ಅನ್ನೋದು ಮುಖ್ಯ. ಆ 14 ದಿನದ ವಿವರವನ್ನು ಯೂನಿಟ್ ಕೊಟ್ಟಿರಬೇಕು, ಅದರ ಪ್ರತಿ ಕೇಳಿ. ಮನಸ್ಸಿನ ಕಾಯಿಲೆಯಾದರೆ ಅದು ಶುರುವಾಗುವ ಮುಂಚಿನ ಒಂದೆರಡು ವರ್ಷ ಎಲ್ಲಿದ್ದಿರಿ, ಏನು ನೋಡಿದಿರಿ ಅಂತ ಬರೆಯಿರಿ. ಅದನ್ನು ಬರೆಯಲು ನಾಚಿಕೆ ಪಡಬೇಡಿ. ಕಾಲು ಮುರಿದಂತೆ ಅದೂ ಒಂದು ಗಾಯವೇ.

ಗೆಲ್ಲೋದು ಕಷ್ಟವಾದ ಕೇಸುಗಳೂ ಇವೆ. ರಜೆಯಲ್ಲಿ ಊರಿಗೆ ಬಂದು ಸ್ವಂತ ಕೆಲಸದಲ್ಲಿದ್ದಾಗ ಆದ ಗಾಯಕ್ಕೆ ಸೇವೆಯ ಸಂಬಂಧ ತೋರಿಸೋದು ಕಷ್ಟ. ಸುಪ್ರೀಂ ಕೋರ್ಟೇ ಅಂಥವನ್ನು ತಳ್ಳಿಹಾಕಿದೆ. ರಜೆಗೆ ಹೊರಟಾಗ ಅಥವಾ ವಾಪಸ್ ಬರುವಾಗ ದಾರಿಯಲ್ಲಾದ ಅಪಘಾತದ ಮಾತು ಬೇರೆ. ಕುಡಿದು ಮಾಡಿಕೊಂಡ ಗಾಯ, ಮುಚ್ಚಿಟ್ಟು ಸೇರಿದ ಹಳೇ ಕಾಯಿಲೆ ಇವುಗಳಿಗೆ ಅಪೀಲು ಹಾಕಿ ಸಮಯ ಕಳೆಯಬೇಡಿ ಅಂತ ನಾನು ನೇರವಾಗೇ ಹೇಳುತ್ತೇನೆ.

ಶೇ. 20ಕ್ಕಿಂತ ಕಡಿಮೆ ಅಂದಿದ್ದರೆ

ಶೇ. 15ರಿಂದ 19ರವರೆಗೆ ಕೊಟ್ಟು ತಿರಸ್ಕರಿಸಿರುತ್ತಾರೆ. ಕಾಯಿಲೆಯ ಕಾರಣಕ್ಕೇ ನಿಮ್ಮನ್ನು ಸೇವೆಯಿಂದ ತೆಗೆದಿದ್ದರೆ 2014ರ ಸುಖ್ವಿಂದರ್ ಸಿಂಗ್ ತೀರ್ಪು ಹಿಡಿಯಿರಿ. ಸೇವೆಯಿಂದ ತೆಗೆಯುವಷ್ಟು ಕಾಯಿಲೆ ಇದ್ದ ಮೇಲೆ ಅದು ಶೇ. 20ಕ್ಕಿಂತ ಜಾಸ್ತಿ ಅಂತಲೇ ಭಾವಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಪೂರ್ತಿ ಅವಧಿ ಮುಗಿಸಿ ಬಂದವರಿಗೆ ಇದು ಹಾಗೆ ಸುಲಭವಾಗಿ ಒದಗುವುದಿಲ್ಲ. ಅಂಥವರು ಮತ್ತೊಮ್ಮೆ ಮೆಡಿಕಲ್ ಬೋರ್ಡ್ ಮಾಡಿ ಅಂತ ಕೇಳಬೇಕು.

ಶೇ. 50ಕ್ಕೆ ಏರಿಸಿ ಅಂತ ನಾಯಕ್ ಯಾಕೆ ಬರೆದರು ಅಂತ ನೀವು ಕೇಳಬಹುದು. ಶೇ. 50ಕ್ಕಿಂತ ಕಡಿಮೆ ಇದ್ದದ್ದನ್ನು 50, 50ರಿಂದ 75ರವರೆಗಿನದನ್ನು 75, ಅದರ ಮೇಲಿನದನ್ನು 100 ಅಂತ ಲೆಕ್ಕ ಹಿಡಿಯುತ್ತಾರೆ. ಇದಕ್ಕೆ ಬ್ರಾಡ್ ಬ್ಯಾಂಡಿಂಗ್ ಅಂತ ಹೆಸರು. ಮೊದಲು ಕಾಯಿಲೆಯಿಂದ ಮನೆಗೆ ಕಳಿಸಿದವರಿಗೆ ಮಾತ್ರ ಕೊಡುತ್ತಿದ್ದರು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವಧಿ ಮುಗಿಸಿದವರಿಗೂ ಇದು ಸಲ್ಲುತ್ತದೆ ಅಂದಿತು. ದುಡ್ಡಿನ ಲೆಕ್ಕ ನೋಡಿ: ಶೇ. 100ಕ್ಕೆ ಕೊನೆಯ ಸಂಬಳದ ಶೇ. 30. ಲೆಕ್ಕಕ್ಕೆ ಹಿಡಿಯುವ ಸಂಬಳ 40,000 ಇದ್ದರೆ ಅದು 12,000. ಶೇ. 30 ಅಂದರೆ ತಿಂಗಳಿಗೆ 3,600, ಶೇ. 50 ಅಂದರೆ 6,000. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಕೇಳದಿದ್ದರೆ ಕೊಡದೇ ಹೋಗಬಹುದು, ಅದಕ್ಕೇ ಅಪೀಲಿನಲ್ಲಿ ಬಾಯಿಬಿಟ್ಟು ಕೇಳಿ.

ಕಳಿಸಿದ ಮೇಲೆ

ಅಪೀಲನ್ನು ರೆಕಾರ್ಡ್ ಆಫೀಸಿನ ಮೂಲಕ ಮೊದಲ ಅಪೀಲು ಸಮಿತಿಗೆ ಕಳಿಸಬೇಕು. ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಅಪೀಲಿನ ಪ್ರತಿಗೇ ಪಿನ್ ಮಾಡಿ. ತಲುಪಿದ ವಿವರವನ್ನು ಪ್ರಿಂಟ್ ತೆಗೆದಿಡಿ. ಆ ರಸೀದಿಯ ಶಾಯಿ ಒಂದು ವರ್ಷಕ್ಕೆ ಮಾಸಿಹೋಗುತ್ತದೆ, ಒಂದು ಜೆರಾಕ್ಸ್ ಇರಲಿ. ತಿರಸ್ಕಾರವಾದರೆ ಮತ್ತೆ ಆರು ತಿಂಗಳೊಳಗೆ ಎರಡನೇ ಅಪೀಲು.

ಉತ್ತರವೇ ಬರದಿದ್ದರೆ? ಕಳಿಸಿ ಆರು ತಿಂಗಳಾದರೂ ಉತ್ತರ ಇಲ್ಲ ಅಂದರೆ ಟ್ರಿಬ್ಯೂನಲ್‌ಗೆ ಹೋಗುವ ದಾರಿ ತೆರೆಯುತ್ತದೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಎಎಫ್‌ಟಿ ಅಂತಾರೆ. 2007ರ ಕಾಯ್ದೆಯಿಂದ ಬಂದದ್ದು. ಕರ್ನಾಟಕದವರ ಕೇಸು ಕೊಚ್ಚಿ ಪೀಠಕ್ಕೆ ಹೋಗುತ್ತದೆ. ಕೊನೆಯ ಆದೇಶ ಬಂದ ಆರು ತಿಂಗಳೊಳಗೆ ಹಾಕಬೇಕು.

ತಡವಾಗಿದೆ ಅಂತ ಕೈಬಿಡಬೇಡಿ. ತರ್ಸೇಮ್ ಸಿಂಗ್ ಅನ್ನುವವರು 1983ರಲ್ಲಿ ಮನೆಗೆ ಬಂದು ಕೇಸು ಹಾಕಿದ್ದು 1999ರಲ್ಲಿ. ಪೆನ್ಷನ್ ಪ್ರತಿ ತಿಂಗಳೂ ಬರಬೇಕಾದದ್ದು, ಕೊಡದಿದ್ದರೆ ಅನ್ಯಾಯ ಪ್ರತಿ ತಿಂಗಳೂ ಮುಂದುವರಿಯುತ್ತದೆ, ಹಾಗಾಗಿ ತಡವೇ ಅಡ್ಡಿಯಾಗದು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಹಳೇ ಬಾಕಿಯನ್ನು ಕೇಸು ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ ಸಾಮಾನ್ಯವಾಗಿ ಕೊಡುತ್ತಾರೆ. ಅಂದರೆ ಮೂರು ವರ್ಷ ದಾಟಿದ ಮೇಲೆ ನೀವು ಸುಮ್ಮನಿದ್ದ ಒಂದೊಂದು ತಿಂಗಳ ದುಡ್ಡೂ ಹೋಯಿತು ಅಂತಲೇ ಲೆಕ್ಕ. ಪಿಂಚಣಿದಾರರು ತೀರಿಕೊಂಡಿದ್ದರೂ ಅವರಿಗೆ ಸಲ್ಲಬೇಕಾಗಿದ್ದ ಬಾಕಿಗಾಗಿ ಹೆಂಡತಿ ಹೋರಾಡಬಹುದು.

ವಕೀಲರ ವಿಷಯ. ಸೇನೆಯ ಪೆನ್ಷನ್ ಕೇಸು ನಡೆಸಿ ಅಭ್ಯಾಸ ಇರುವವರನ್ನೇ ಹುಡುಕಿ. ಬಾಕಿ ಬಂದ ಮೇಲೆ ಅದರಲ್ಲಿ ಇಷ್ಟು ಪಾಲು ಕೊಡಿ ಅನ್ನುವವರಿಂದ ದೂರ ಇರಿ. ಗೆದ್ದ ಹಣದಲ್ಲಿ ಪಾಲು ಕೇಳುವ ಹಾಗಿಲ್ಲ ಅಂತ ವಕೀಲರ ಪರಿಷತ್ತಿನ ನಿಯಮವೇ ಇದೆ. ಖರ್ಚು ಕಷ್ಟವಾದರೆ ಉಚಿತ ಕಾನೂನು ನೆರವು ಕೇಳಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಅಂಗವಿಕಲರಿಗೂ ಮಹಿಳೆಯರಿಗೂ ಆ ಹಕ್ಕಿದೆ. 2025ರ ಜುಲೈ 26ರಂದು ಸೈನಿಕರ ಕುಟುಂಬಗಳಿಗಾಗಿ ವೀರ್ ಪರಿವಾರ್ ಸಹಾಯತಾ ಯೋಜನೆಯೂ ಶುರುವಾಗಿದೆ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ನಾಯಕ್ ಅವರ ಎರಡೂ ಅಪೀಲು ತಿರಸ್ಕಾರವಾದವು. ಎರಡನೇ ಪತ್ರ ಬಂದ ದಿನ ಅವರು ಸಾಕು ಬಿಡಿ ಅಂದಿದ್ದರು. ಅವರ ಹೆಂಡತಿ ಒಪ್ಪಲಿಲ್ಲ. ನೀಲಿ ಫೈಲನ್ನು ತಾವೇ ಹೊತ್ತು ವಕೀಲರ ಹತ್ತಿರ ಹೋದರು. 2021ರ ಆಗಸ್ಟ್‌ನಲ್ಲಿ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದರು. ನಿವೃತ್ತಿಯಾದದ್ದು 2018ರ ಅಕ್ಟೋಬರ್, ಅಂದರೆ ಮೂರು ವರ್ಷದೊಳಗೆ. ಹಾಗಾಗಿ ಒಂದು ತಿಂಗಳ ಬಾಕಿಯೂ ತಪ್ಪಲಿಲ್ಲ. 2023ರಲ್ಲಿ ಆದೇಶ ಬಂತು: ಸೇವೆಯಿಂದ ಉಲ್ಬಣವಾದ ಕಾಯಿಲೆ, ಶೇ. 30ನ್ನು 50ಕ್ಕೆ ಏರಿಸಿ ಕೊಡಿ.

ಆದೇಶ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಅದರ ದೃಢೀಕೃತ ಪ್ರತಿಯನ್ನು ರೆಕಾರ್ಡ್ ಆಫೀಸಿಗೆ ನೀವೇ ಕಳಿಸಿ. ಆದೇಶದಲ್ಲಿ ಹೇಳಿದ ಗಡುವು ದಾಟಿದರೆ ಜಾರಿ ಮಾಡಿಸಿ ಅಂತ ಟ್ರಿಬ್ಯೂನಲ್‌ಗೇ ಮತ್ತೆ ಅರ್ಜಿ ಹಾಕಬಹುದು. ಹೊಸ ಪಿಪಿಒ ಬಂದಾಗ ರಕ್ಷಣಾ ಪೆನ್ಷನ್‌ನ ವೆಬ್‌ಸೈಟ್ ಆದ ಸ್ಪರ್ಶ್‌ನಲ್ಲಿ ಲಾಗಿನ್ ಆಗಿ ಮೂರು ವಿಷಯ ನೋಡಿ: ಪ್ರಮಾಣ 50 ಅಂತ ಇದೆಯಾ, ಶುರುವಾದ ತಾರೀಖು ಡಿಸ್ಚಾರ್ಜ್ ಆದ ಮರುದಿನವೇನಾ, ಅವಧಿ 'ಜೀವನಪರ್ಯಂತ' ಅಂತ ಇದೆಯಾ. ನಾಯಕ್ ಅವರ ಪಿಪಿಒದಲ್ಲಿ ಮೊದಲು 30 ಅಂತಲೇ ಬಂದಿತ್ತು. ಆದೇಶದ ಆ ಪುಟಕ್ಕೆ ಗುರುತು ಹಾಕಿ ಮತ್ತೊಂದು ಪತ್ರ ಬರೆದೆವು. ಎರಡು ತಿಂಗಳಿಗೆ ಸರಿಯಾಗಿ ಬಂತು.